ಮದುವೆಮನೆಯ ಒಂದು ಊಟದಿಂದ ತಿಂಗಳ ಡಯಟ್ ಹಾಳಾಗುತ್ತದೆಯೇ?

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿಯುತ್ತಿದ್ದಂತೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೇಳಿಕೆಗಳ ಕಾಲ ಶುರುವಾಗುತ್ತದೆ. ಮದುವೆ, ಉಪನಯನ, ಗೃಹಪ್ರವೇಶ, ಸತ್ಯನಾರಾಯಣ ಕಥೆ, ಬೀಗರೂಟ ಎಂದು ಮಳೆಗಾಲ ಹಿಡಿಯುವವರೆಗೂ ಒಂದರ ಹಿಂದೆ ಒಂದು ಕಾಗದ ಮನೆಗೆ ಬರುತ್ತಲೇ ಇರುತ್ತದೆ. ಇದರ ನಡುವೆ ತೂಕ ಇಳಿಸಲು ಹೊರಟವರ ಪಾಡು ಕಷ್ಟ. ಮೂರು ವಾರ ಅನ್ನ ಕಡಿಮೆ ಮಾಡಿ, ಸಂಜೆ ವಾಕಿಂಗ್ ಮಾಡಿ ಎರಡು ಕೆಜಿ ಇಳಿಸಿರುತ್ತಾರೆ. ನೆಂಟರ ಮನೆಯ ಪಂಕ್ತಿಯಲ್ಲಿ ಕೂತು ಎರಡು ಹೋಳಿಗೆ, ಮೇಲೊಂದಿಷ್ಟು ತುಪ್ಪ, ಪಾಯಸ ಊಟ ಮಾಡಿ ಬಂದು ಮರುದಿನ ಬೆಳಿಗ್ಗೆ ತೂಕ ನೋಡಿದರೆ ಇಳಿದ ಎರಡು ಕೆಜಿಯೂ ವಾಪಸ್ ಬಂದಿರುತ್ತದೆ. ‘ಒಂದು ಊಟಕ್ಕೆ ಎಲ್ಲಾ ಹೋಯ್ತು, ಇನ್ನು ಯಾಕೆ ಬೇಕು ಈ ಡಯಟ್’ ಎಂದು ಕೈಬಿಡುವವರು ಬಹಳ ಮಂದಿ.

ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಒಂದಿದೆ. ವಾರಕ್ಕೊಂದು ದಿನ ಮನಸೋ ಇಚ್ಛೆ ತಿಂದರೆ ದೇಹದ ಚಯಾಪಚಯ ಚುರುಕಾಗಿ ತೂಕ ಇನ್ನೂ ಬೇಗ ಇಳಿಯುತ್ತದೆ ಎಂದು ಹೇಳುವ ‘ಚೀಟ್ ಡೇ’ ಸಲಹೆಯ ರೀಲ್ಸ್‌ಗಳು ಮೊಬೈಲ್‌ನಲ್ಲಿ ಧಾರಾಳವಾಗಿ ಸಿಗುತ್ತವೆ.

ಎರಡೂ ಸರಿಯಲ್ಲ. ಒಂದು ದಿನದ ಭರ್ಜರಿ ಊಟ ಎರಡು ಕೆಜಿ ಕೊಬ್ಬು ಕೂಡಿಸಲಾರದು. ಹಾಗೆಂದು ಅದು ಲೆಕ್ಕಕ್ಕೆ ಬಾರದ ಊಟವೂ ಅಲ್ಲ. ಅಂಥ ದಿನಗಳು ಎಷ್ಟು ಸಲ ಬರುತ್ತವೆ ಮತ್ತು ಊಟದ ಮರುದಿನದಿಂದ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಮರುದಿನ ಕಾಣುವ ಎರಡು ಕೆಜಿ ಯಾವುದು?

ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಶಕ್ತಿ ಅಡಗಿರುತ್ತದೆ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಎರಡು ಕೆಜಿ ಕೊಬ್ಬು ಬರಬೇಕಾದರೆ ದಿನದ ಅಗತ್ಯವನ್ನೂ ಮೀರಿ 15,400 ಕ್ಯಾಲರಿ ಒಳಗೆ ಹೋಗಿರಬೇಕು. ಒಂದು ಹೋಳಿಗೆಗೆ ಅಂದಾಜು 300 ಕ್ಯಾಲರಿ ಎಂದಿಟ್ಟುಕೊಂಡರೆ ಅದು ದಿನದ ಊಟ ತಿಂಡಿಯ ಮೇಲೆ ಐವತ್ತು ಹೋಳಿಗೆ. ಪಂತ ಕಟ್ಟಿ ಹೋಳಿಗೆ ತಿಂದವರ ಕಥೆಗಳು ನಮ್ಮ ಊರುಗಳಲ್ಲಿ ಇವೆ, ನಿಜ. ಆದರೆ ನೀವು ಅವರಲ್ಲಿ ಒಬ್ಬರಾಗಿರುವ ಸಾಧ್ಯತೆ ಕಡಿಮೆ.

ಹಾಗಾದರೆ ಯಂತ್ರ ತೋರಿಸಿದ್ದು ಏನು? ಬಹುಪಾಲು ನೀರು. ನಮ್ಮ ದೇಹ ಅನ್ನ, ಬೆಲ್ಲ, ಸಕ್ಕರೆಯಿಂದ ಸಿಕ್ಕ ಗ್ಲೂಕೋಸನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ನೂರು ಗ್ರಾಂ ಆಸುಪಾಸು, ಸ್ನಾಯುಗಳಲ್ಲಿ ಅದರ ನಾಲ್ಕೈದು ಪಟ್ಟು ಇದು ಹಿಡಿಯುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಡಯಟ್ ಮಾಡುವಾಗ ಈ ದಾಸ್ತಾನು ಖಾಲಿಯಾಗುತ್ತಾ ಬಂದಿರುತ್ತದೆ. ಮದುವೆ ಊಟದಲ್ಲಿ 300 ಗ್ರಾಂ ಗ್ಲೈಕೋಜನ್ ಮತ್ತೆ ತುಂಬಿಕೊಂಡರೆ ನೀರೂ ಸೇರಿ 1.2 ಕೆಜಿ ಆಯಿತು. ಇದರಲ್ಲಿ ಕೊಬ್ಬು ಒಂದು ಗ್ರಾಮೂ ಇಲ್ಲ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಾರು, ಹುಳಿಗಳ ಉಪ್ಪು ಇನ್ನಷ್ಟು ನೀರನ್ನು ಎರಡು ಮೂರು ದಿನ ತಡೆದು ನಿಲ್ಲಿಸುತ್ತದೆ. ಇನ್ನೂ ಹೊಟ್ಟೆ, ಕರುಳಿನಲ್ಲಿಯೇ ಇರುವ ಆಹಾರದ ತೂಕ ಬೇರೆ. ಸಾಮಾನ್ಯ ಊಟ ತಿಂಡಿಗೆ ಮರಳಿದ ಮೇಲೆ ಈ ಮೂರೂ ಕೆಲವು ದಿನಗಳಲ್ಲಿ ತಾವಾಗಿಯೇ ಕರಗುತ್ತವೆ.

ಇದರ ಇನ್ನೊಂದು ಮುಖವನ್ನು ಮಾತ್ರ ಯಾರೂ ಹೇಳುವುದಿಲ್ಲ. ಡಯಟ್ ಶುರು ಮಾಡಿದ ಮೊದಲ ವಾರವೇ ಮೂರು ಕೆಜಿ ಇಳಿಯಿತು ಎಂದು ಖುಷಿಪಟ್ಟಿರುತ್ತೇವಲ್ಲ, ಅದರಲ್ಲೂ ದೊಡ್ಡ ಪಾಲು ಇದೇ ಗ್ಲೈಕೋಜನ್ ಮತ್ತು ನೀರು. ಆಗ ಹೋದ ನೀರೇ ಈಗ ಬಂದಿದೆ. ಹೋಗುವಾಗ ಅದನ್ನು ಸಾಧನೆ ಎಂದು ಎಣಿಸಿದ್ದರಿಂದಲೇ ಬರುವಾಗ ಅದು ಸೋಲಿನಂತೆ ಕಾಣುತ್ತದೆ.

ಎಲೆಯ ಮೇಲಿನ ಲೆಕ್ಕ

ನೀರನ್ನು ಬದಿಗಿಟ್ಟು ನಿಜವಾದ ಹೆಚ್ಚುವರಿ ಎಷ್ಟು ಎಂದು ನೋಡೋಣ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4 ಕ್ಯಾಲರಿ, ಕೊಬ್ಬಿನಲ್ಲಿ 9 ಕ್ಯಾಲರಿ. ಇದನ್ನು ಇಟ್ಟುಕೊಂಡು ಒಂದು ಮದುವೆ ಊಟವನ್ನು ಅಂದಾಜು ಮಾಡಬಹುದು. ಹಂತ ಹಂತವಾಗಿ ಬಡಿಸಿದ ಅನ್ನವೆಲ್ಲ ಸೇರಿ 150 ಗ್ರಾಂ ಅಕ್ಕಿಯದಾದರೆ 525 ಕ್ಯಾಲರಿ. ಎರಡು ಹೋಳಿಗೆ 600. ಹೋಳಿಗೆಗೂ ಅನ್ನಕ್ಕೂ ಸೇರಿ ಎರಡು ದೊಡ್ಡ ಚಮಚ ತುಪ್ಪ 270. ಒಂದು ಲೋಟ ಪಾಯಸ 250. ಬೋಂಡ, ಹಪ್ಪಳ, ಸಂಡಿಗೆ 200. ಕಾಯಿ ಹಾಕಿದ ಪಲ್ಯ, ಹುಳಿ, ಮೇಲೋಗರಗಳಿಂದ 250. ಒಟ್ಟು 2,100ರ ಹತ್ತಿರ. ಬೆಳಿಗ್ಗೆ ಮದುವೆಮನೆಯ ತಿಂಡಿಗೆ 500, ರಾತ್ರಿ ಹಗುರವಾಗಿ ಉಂಡರೂ 400 ಸೇರಿಸಿದರೆ ದಿನಕ್ಕೆ 3,000 ಕ್ಯಾಲರಿ. ಬಾಡೂಟವಾದರೆ ಹೋಳಿಗೆಯ ಜಾಗದಲ್ಲಿ ಕಡುಬು, ಕೋಳಿ ಸಾರು ಬರುತ್ತದೆ, ಮೊತ್ತ ಬಹಳ ಬದಲಾಗುವುದಿಲ್ಲ. ಜೊತೆಗೆ ಮದ್ಯವೂ ಇದ್ದರೆ ಅದರ ಪ್ರತಿ ಗ್ರಾಂ ಆಲ್ಕೋಹಾಲಿಗೆ 7 ಕ್ಯಾಲರಿ ಸೇರಿಸಬೇಕು.

ಈ 3,000 ಎಲ್ಲರಿಗೂ ಒಂದೇ ಅಲ್ಲ ಎಂಬುದು ನಮಗೆ ಇಡೀ ವಿಷಯದಲ್ಲೇ ಮುಖ್ಯವೆನಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ, ಹೆಚ್ಚು ಓಡಾಟವಿಲ್ಲದ 65 ಕೆಜಿಯ ಗಂಡಸಿಗೆ ದಿನಕ್ಕೆ 2,110 ಕ್ಯಾಲರಿ ಸಾಕು, 55 ಕೆಜಿಯ ಹೆಂಗಸಿಗೆ 1,660. ಕಷ್ಟದ ಮೈಗೆಲಸ ಮಾಡುವ ಗಂಡಸಿಗಾದರೆ 3,470. ದಿನವಿಡೀ ಅಡಿಕೆ ಮರ ಹತ್ತಿ ಇಳಿಯುವ ಕೊನೆಗೌಡನಿಗೆ ಮದುವೆಮನೆಯ ಆ ಎಲೆ ಬರೀ ಒಂದು ದಿನದ ಊಟ. ಅದೇ ಪಂಕ್ತಿಯಲ್ಲಿ ಪಕ್ಕ ಕೂತ, ಸಾಗರದ ಪೇಟೆಯಲ್ಲಿ ಅಂಗಡಿ ಗಲ್ಲಾದ ಹಿಂದೆ ಕೂರುವವರಿಗೆ ಅದು ಒಂದೂವರೆ ದಿನದ ಊಟ. ಅಂದಹಾಗೆ, ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯವರೆಗೆ ಅಡಿಕೆ ಸುಲಿಯುವುದು ಬೆನ್ನಿಗೂ ಕೈಗೂ ಕಷ್ಟದ ಕೆಲಸ. ಆದರೆ ಕೂತೇ ಮಾಡುವುದರಿಂದ ಕ್ಯಾಲರಿಯ ಲೆಕ್ಕದಲ್ಲಿ ಅದು ಮರ ಹತ್ತುವುದಕ್ಕೆ ಸಮವಲ್ಲ.

ಈಗ ಡಯಟ್ ಮಾಡುವ ಇಬ್ಬರನ್ನು ತೆಗೆದುಕೊಳ್ಳೋಣ. ಗಂಡಸು ದಿನಕ್ಕೆ 2,100 ಬೇಕಿರುವಲ್ಲಿ 1,600 ತಿನ್ನುತ್ತಾನೆ, ದಿನದ ಉಳಿತಾಯ 500. ಒಂದು ದಿನ 3,000 ತಿಂದರೆ 900 ಹೆಚ್ಚು, ಅಂದರೆ ಎರಡು ದಿನದ ಉಳಿತಾಯಕ್ಕಿಂತ ತುಸು ಕಡಿಮೆ ಖರ್ಚಾಯಿತು. ಉಳಿದ ಆರು ದಿನ ಕ್ರಮ ತಪ್ಪದಿದ್ದರೆ ವಾರದ ಕೊನೆಗೆ ಇನ್ನೂ 2,100 ಕ್ಯಾಲರಿ ಉಳಿದಿರುತ್ತದೆ. ತೂಕ ಇಳಿಯುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ.

ಹೆಂಗಸಿನ ಲೆಕ್ಕ ಬೇರೆ. 1,660 ಬೇಕಿರುವಲ್ಲಿ 1,300 ತಿಂದರೆ ದಿನದ ಉಳಿತಾಯ 360 ಮಾತ್ರ. ಅದೇ ಎಲೆ ಆಕೆಗೆ 1,340 ಹೆಚ್ಚು, ಸುಮಾರು ನಾಲ್ಕು ದಿನದ ಉಳಿತಾಯ. ವಾರಕ್ಕೆ ಒಂದು ಊಟವಾದರೆ 820 ಕ್ಯಾಲರಿ ಉಳಿಯುತ್ತದೆ. ಎರಡಾದರೆ ಉಳಿಯುವುದು ಹೋಗಿ 880 ಕ್ಯಾಲರಿ ಮೇಲಾಗುತ್ತದೆ, ಉಳಿದ ಐದು ದಿನ ಪಥ್ಯ ಮಾಡಿಯೂ ತೂಕ ಏರುವ ದಾರಿಯಲ್ಲೇ ಇರುತ್ತಾಳೆ. ಗಂಡಸಿಗೆ ಆ ಸ್ಥಿತಿ ಬರಲು ವಾರಕ್ಕೆ ಮೂರು ಊಟ ಬೇಕು. ‘ನಾನೂ ಅವರಷ್ಟೇ ತಿಂದೆ, ಅವರದ್ದು ಇಳಿಯಿತು, ನನ್ನದು ಇಳಿಯಲಿಲ್ಲ’ ಎಂದು ಹೆಂಗಸರು ಹೇಳುವುದರ ಹಿಂದೆ ಮನಸ್ಸಿನ ಬಿಗಿಯ ಕೊರತೆಯಲ್ಲ, ಈ ಗಣಿತ ಇದೆ.

ಇದು ಅಂದಾಜು ಲೆಕ್ಕ ಎಂಬುದು ನೆನಪಿರಲಿ. ದೇಹ ಅಂಗಡಿಯ ಖಾತೆಪುಸ್ತಕವಲ್ಲ. ತಿಂದದ್ದನ್ನು ಜೀರ್ಣಿಸಿಕೊಳ್ಳಲಿಕ್ಕೇ ಹತ್ತರಲ್ಲೊಂದು ಪಾಲು ಶಕ್ತಿ ಹೋಗುತ್ತದೆ, ಮರುದಿನ ಹಲವರಿಗೆ ಹಸಿವೂ ಕಡಿಮೆ ಇರುತ್ತದೆ. ತೂಕ ಇಳಿದಂತೆ ದೇಹಕ್ಕೆ ಬೇಕಾಗುವ ಶಕ್ತಿಯೂ ಇಳಿಯುತ್ತದೆ ಎಂದು ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದ್ದರು. ಹಾಗಾಗಿ ಇಷ್ಟು ಉಳಿಸಿದರೆ ಇಷ್ಟು ದಿನಕ್ಕೆ ಇಷ್ಟು ಕೆಜಿ ಎಂದು ಗೀಟೆಳೆದು ಹೇಳಲಾಗದು. ಆದರೆ ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಅಂದಾಜಿನಲ್ಲೂ ಎದ್ದು ಕಾಣುತ್ತದೆ.

ಚೀಟ್ ಡೇ ಚಯಾಪಚಯವನ್ನು ಚುರುಕು ಮಾಡುತ್ತದೆಯೇ?

ಈ ನಂಬಿಕೆಗೆ ಬುಡವೇ ಇಲ್ಲ ಎನ್ನಲಾಗದು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಡಯಟ್ ಮಾಡುವಾಗ ಇದರ ಪ್ರಮಾಣ ಇಳಿದು ಹಸಿವು ಹೆಚ್ಚುತ್ತದೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಮಂದಿ ಆರೋಗ್ಯವಂತ ಹೆಂಗಸರಿಗೆ ಮೂರು ದಿನ ಅಗತ್ಯಕ್ಕಿಂತ ಶೇಕಡಾ 40ರಷ್ಟು ಹೆಚ್ಚು ಪಿಷ್ಟದ ಆಹಾರ ಕೊಟ್ಟಾಗ ಲೆಪ್ಟಿನ್ ಶೇಕಡಾ 28ರಷ್ಟು ಏರಿತು, ದಿನದ ಶಕ್ತಿ ವ್ಯಯ ಶೇಕಡಾ 7ರಷ್ಟು ಏರಿತು. ರೀಲ್ಸ್‌ಗಳು ಹೇಳುವುದು ಇಲ್ಲಿಯವರೆಗೆ ಮಾತ್ರ. 40 ಒಳಗೆ ಹಾಕಿ 7 ಹೊರಗೆ ಹೋದರೆ ಉಳಿದದ್ದು ಎಲ್ಲಿಗೆ ಹೋಯಿತು ಎಂದು ಅವು ಕೇಳುವುದಿಲ್ಲ.

ಆಸ್ಟ್ರೇಲಿಯಾದ ‘ಮ್ಯಾಟಡೋರ್’ ಅಧ್ಯಯನವನ್ನೂ ಇದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. 2018ರಲ್ಲಿ ಪ್ರಕಟವಾದ ಇದರಲ್ಲಿ ಬೊಜ್ಜಿದ್ದ 51 ಗಂಡಸರು ಭಾಗವಹಿಸಿದ್ದರು. ಒಂದು ಗುಂಪು 16 ವಾರ ಎಡೆಬಿಡದೆ ಡಯಟ್ ಮಾಡಿತು. ಇನ್ನೊಂದು ಎರಡು ವಾರ ಡಯಟ್, ಎರಡು ವಾರ ಬಿಡುವು ಎಂದು ಅಷ್ಟೇ 16 ವಾರದ ಡಯಟನ್ನು ಹಂಚಿಕೊಂಡು ಮಾಡಿತು. ಬಿಡುವು ಪಡೆದವರ ತೂಕವೇ ಹೆಚ್ಚು ಇಳಿಯಿತು. ಆದರೆ ಆ ಬಿಡುವಿನಲ್ಲಿ ಅವರಿಗೆ ಕೊಟ್ಟದ್ದು ತೂಕ ಏರದೆ ಇಳಿಯದೆ ನಿಲ್ಲುವಷ್ಟು ಅಳತೆಯ ಊಟ. ಸಿಕ್ಕಷ್ಟು ತಿನ್ನಲು ಬಿಟ್ಟಿರಲಿಲ್ಲ. ಎರಡೂ ಒಂದೇ ಅಲ್ಲ.

ಒಂದು ಸಮಾಧಾನದ ಸಂಗತಿಯಿದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 14 ಮಂದಿ ಆರೋಗ್ಯವಂತ ಗಂಡಸರಿಗೆ ಇನ್ನು ಸಾಧ್ಯವೇ ಇಲ್ಲ ಎನ್ನುವವರೆಗೆ ಪಿಜ್ಜಾ ತಿನ್ನಿಸಿ ಪರೀಕ್ಷೆ ಮಾಡಿದ್ದರು, ಫಲಿತಾಂಶ 2020ರಲ್ಲಿ ಬಂತು. ಹೊಟ್ಟೆ ತುಂಬುವಷ್ಟು ತಿಂದಾಗಿನ ಎರಡು ಪಟ್ಟು ತಿಂದಿದ್ದರೂ ಅವರ ರಕ್ತದ ಸಕ್ಕರೆ ಸಾಮಾನ್ಯ ಊಟದ ನಂತರದ್ದಕ್ಕಿಂತ ಮೇಲೆ ಹೋಗಲಿಲ್ಲ. ಆರೋಗ್ಯವಂತ ದೇಹ ಒಂದು ಹೊತ್ತಿನ ಅತಿಯನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅದಕ್ಕೆ ಮುಂದೆ ಬರುತ್ತೇವೆ.

‘ಅಪರೂಪಕ್ಕೆ’ ಎಂದರೆ ಎಷ್ಟು ಸಲ?

ಅಪರೂಪಕ್ಕೆ ತಿಂದರೆ ತೊಂದರೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಮಲೆನಾಡಿನ ಪಂಚಾಂಗ ಬಿಚ್ಚಿ ನೋಡಿದರೆ ಆ ಪದದ ಮೇಲೇ ಅನುಮಾನ ಬರುತ್ತದೆ. ಚೌತಿಯ ಕಡುಬು, ಚಕ್ಕುಲಿ. ಅದು ಮುಗಿದರೆ ನವರಾತ್ರಿ. ಗದ್ದೆಯ ಪೈರು ಬಸುರಾಗಿರುವ ಭೂಮಿ ಹುಣ್ಣಿಮೆ. ದೊಡ್ಡಹಬ್ಬವೆಂದೇ ಕರೆಯುವ ದೀಪಾವಳಿ. ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ರಾಮೇಶ್ವರ ದೇವರ ಎಳ್ಳಮಾವಾಸ್ಯೆ ಜಾತ್ರೆ. ಆಮೇಲೆ ಮದುವೆ, ಉಪನಯನಗಳ ಸಾಲು. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂತೆಂದರೆ ಒಂಬತ್ತು ದಿನ ಊರಿನ ಮನೆ ಮನೆಯಲ್ಲೂ ನೆಂಟರು. ಆಷಾಢದಲ್ಲಿ ಮದುವೆಗಳಿಲ್ಲ ಎಂದು ಉಸಿರು ಬಿಡುವ ಹೊತ್ತಿಗೆ ಹಲಸಿನ ಹಣ್ಣಿನ ಮುಳಕ, ಮಳೆಗೆ ಜೊತೆಯಾಗುವ ಹಲಸಿನ ಹಪ್ಪಳ. ಪ್ರತಿಯೊಂದೂ ಅಪರೂಪವೇ. ಎಲ್ಲವೂ ಸೇರಿದರೆ ಮಾತ್ರ ಅಪರೂಪವಲ್ಲ.

ಹಬ್ಬದ ದಿನಗಳು ತೂಕಕ್ಕೆ ಏನು ಮಾಡುತ್ತವೆ ಎಂಬ ಬಗ್ಗೆ ಅಮೆರಿಕದಲ್ಲಿ ನಡೆದ ಹೆಸರಾಂತ ಅಧ್ಯಯನ 2000ದಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ನವೆಂಬರಿನಿಂದ ಜನವರಿವರೆಗಿನ ಹಬ್ಬದ ಕಾಲದಲ್ಲಿ 195 ಮಂದಿಯ ತೂಕ ಸರಾಸರಿ 0.37 ಕೆಜಿ ಮಾತ್ರ ಏರಿತ್ತು. ತಮ್ಮ ತೂಕ ಎಷ್ಟು ಹೆಚ್ಚಾಗಿರಬಹುದು ಎಂದು ಅವರು ಅಂದುಕೊಂಡಿದ್ದಕ್ಕಿಂತ ಇದು ಬಹಳ ಕಡಿಮೆ. ಇಷ್ಟೇನಾ ಎನಿಸುತ್ತದೆ. ಆದರೆ ಏರಿದ್ದು ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ ಎಂಬುದೇ ಆ ಅಧ್ಯಯನದ ಕಹಿ ಭಾಗ. ವರ್ಷಕ್ಕೆ ಅರ್ಧ ಕೆಜಿಯಂತೆ ಇಪ್ಪತ್ತು ವರ್ಷ ಕೂಡಿದರೆ ಹತ್ತು ಕೆಜಿ.

ಇಳಿಸಿಕೊಂಡವರು ಏನು ಮಾಡಿದರು ಎಂಬುದಕ್ಕೆ 2014ರಲ್ಲಿ ಪ್ರಕಟವಾದ, 80 ಮಂದಿಯ ದಿನದಿನದ ತೂಕ ನೋಡಿದ ಅಧ್ಯಯನದಲ್ಲಿ ಸುಳಿವಿದೆ. ವಾರಾಂತ್ಯಕ್ಕೆ ತೂಕ ಏರುವುದು, ವಾರದ ನಡುವೆ ಇಳಿಯುವುದು ಸಾಮಾನ್ಯವಾಗಿ ಕಂಡುಬಂತು. ದೀರ್ಘಕಾಲದಲ್ಲಿ ತೂಕ ಇಳಿಸಿಕೊಂಡವರಲ್ಲಿ ವಾರದ ನಡುವಿನ ಇಳಿಕೆ ಸ್ಪಷ್ಟವಾಗಿತ್ತು. ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಅಷ್ಟು ಕಾಣಲಿಲ್ಲ. ಹೆಚ್ಚು ತಿಂದ ದಿನ ಎರಡೂ ಗುಂಪಿನಲ್ಲಿತ್ತು, ವ್ಯತ್ಯಾಸ ಅದರ ಮುಂದಿನ ದಿನಗಳಲ್ಲಿತ್ತು.

ಆ ಮುಂದಿನ ದಿನಗಳನ್ನು ಕೆಡಿಸುವುದು ‘ಹೆಂಗೂ ಕೆಟ್ಟೋಯ್ತಲ್ಲ’ ಎಂಬ ಯೋಚನೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಕೆಲವು ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್‌ನ ರುಚಿ ನೋಡಿ ಹೇಳಿ ಎಂದರು. ಡಯಟಿನ ಗೊಡವೆ ಇಲ್ಲದವರು ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ಸದಾ ಡಯಟಿನ ಚಿಂತೆಯಲ್ಲಿದ್ದವರು ಮಿಲ್ಕ್‌ಶೇಕ್ ಕುಡಿಯದಿದ್ದಾಗಿನದ್ದಕ್ಕಿಂತ ಹೆಚ್ಚು ತಿಂದರು. ನೇಮ ಮುರಿದೇಹೋದ ಮೇಲೆ ಇನ್ನು ಲೆಕ್ಕ ಇಡುವುದೇಕೆ ಎಂಬ ಮನಸ್ಸು. ಬೆಳಿಗ್ಗೆ ಯಂತ್ರದ ಮೇಲೆ ಕಾಣುವ ಆ ನೀರಿನ ಎರಡು ಕೆಜಿ ಇಂಥ ಮನಸ್ಸಿಗೆ ಸಾಕ್ಷಿ ಒದಗಿಸುತ್ತದೆ. ಅದಕ್ಕೇ ಅದು ಕೊಬ್ಬಲ್ಲ ಎಂದು ತಿಳಿದಿರಬೇಕು.

ಮದುವೆಮನೆಯಿಂದ ಡಬ್ಬಿಯಲ್ಲಿ ಬರುವ ಹೋಳಿಗೆಯೂ ಇದೆ. ಪಂಕ್ತಿಯ ಊಟ ಒಂದು ದಿನದ್ದು. ಫ್ರಿಜ್ಜಿನಲ್ಲಿಟ್ಟ ಹತ್ತು ಹೋಳಿಗೆ, ಡಬ್ಬಿ ತುಂಬ ಚಕ್ಕುಲಿ ವಾರವಿಡೀ ಕೈಗೆ ಸಿಗುತ್ತವೆ. ನಮ್ಮ ಅಭಿಪ್ರಾಯದಲ್ಲಿ ಎಲೆಗಿಂತ ಈ ಡಬ್ಬಿಯೇ ಹೆಚ್ಚು ತೂಕ ಕೂಡಿಸುತ್ತದೆ.

ಹೇಳಿಕೆ ಬಂದಾಗ ಏನು ಮಾಡಬಹುದು?

ಹೋಗಿ, ಊಟ ಮಾಡಿ. ಪಂಕ್ತಿಯಲ್ಲಿ ಕೂತು ಬೇಡ ಬೇಡ ಎಂದು ಕೈ ಅಡ್ಡ ಹಿಡಿದರೆ ಬಡಿಸುವವರಿಗೆ ಒತ್ತಾಯದ ಹುಮ್ಮಸ್ಸು ಇನ್ನೂ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾವುದು ನಿಮಗೆ ನಿಜಕ್ಕೂ ಇಷ್ಟವೋ ಅದನ್ನು ತಿಂದು, ಮನೆಯಲ್ಲಿ ದಿನಾ ಸಿಗುವ ಅನ್ನವನ್ನು ಕಡಿಮೆ ಹಾಕಿಸಿಕೊಳ್ಳುವುದು ಸುಲಭದ ದಾರಿ. ತಿಂಗಳಲ್ಲಿ ಎಷ್ಟು ಹೇಳಿಕೆ ಇದೆ ಎಂದು ಮೊದಲೇ ನೋಡಿಕೊಳ್ಳಿ. ವಾರಕ್ಕೆ ಎರಡರಂತೆ ಇರುವ ತಿಂಗಳಲ್ಲಿ ತೂಕ ಇಳಿಸುವ ಹಠ ಬಿಟ್ಟು, ಏರದಂತೆ ನೋಡಿಕೊಂಡರೆ ಸಾಕು.

ಮರುದಿನ ಎಂದಿನ ಊಟಕ್ಕೆ ಮರಳಿ. ಹಿಂದಿನ ದಿನದ್ದಕ್ಕೆ ಪ್ರಾಯಶ್ಚಿತ್ತವೆಂದು ಇಡೀ ದಿನ ಉಪವಾಸ ಕೂತರೆ ಸಂಜೆಗೆ ಹಸಿವು ತಡೆಯದೆ ಮತ್ತೆ ಅತಿಯಾಗುವ ಸಂಭವವೇ ಹೆಚ್ಚು. ಜೀರಿಗೆ ಕಷಾಯ, ಬಿಸಿನೀರು ನಿಂಬೆಹಣ್ಣು ತಿಂದ ಕೊಬ್ಬನ್ನು ಕರಗಿಸುತ್ತವೆ ಎಂಬುದು ನಿಜವಲ್ಲ. ಹೊಟ್ಟೆಗೆ ಹಿತವೆನಿಸಿದರೆ ಕುಡಿಯಿರಿ, ಆದರೆ ಕಷಾಯಕ್ಕೆ ಹಾಕುವ ಬೆಲ್ಲ, ಹಾಲು ಕೂಡ ಲೆಕ್ಕಕ್ಕೆ ಸೇರುತ್ತವೆ. ತೂಕ ನೋಡುವುದನ್ನು ನಾಲ್ಕೈದು ದಿನ ಮುಂದೂಡಿ. ಅಥವಾ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದಿಟ್ಟು, ಒಂದು ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಜೊತೆ ಹೋಲಿಸಿ.

ಈ ಲೆಕ್ಕ ಯಾರಿಗೆ ಅನ್ವಯಿಸುವುದಿಲ್ಲ?

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಊಟವೂ ಆ ದಿನದ ರಕ್ತದ ಸಕ್ಕರೆಯನ್ನು ಬಹಳ ಏರಿಸಬಲ್ಲದು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಮರುದಿನ ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮದುವೆಗೆ ಹೋಗುವ ದಿನ ಔಷಧಿ ಹೇಗೆ ಎಂದು ವೈದ್ಯರನ್ನೇ ಮೊದಲು ಕೇಳಿಕೊಳ್ಳಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದು, ಎರಡು ಮೂರು ದಿನಗಳಲ್ಲಿ ಎರಡು ಕೆಜಿ ಏರಿ ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಅದು ಹೋಳಿಗೆಯ ನೀರು ಎಂದು ಮನೆಯಲ್ಲಿ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಬ್ಬ, ಮದುವೆ ಏನೂ ಇಲ್ಲದೆಯೇ ವಾರಕ್ಕೆ ಒಮ್ಮೆಯಾದರೂ, ತಿಂಗಳುಗಟ್ಟಲೆ, ನಿಲ್ಲಿಸಲಾಗದೆ ಗುಟ್ಟಾಗಿ ಅತಿಯಾಗಿ ತಿನ್ನುವುದು, ಆಮೇಲೆ ನಾಚಿಕೆಯಿಂದ ಕುಗ್ಗುವುದು ಅಥವಾ ಬೇಕೆಂದೇ ವಾಂತಿ ಮಾಡುವುದು ಬೇರೆಯೇ ವಿಷಯ. ಅದು ಚಿಕಿತ್ಸೆ ಇರುವ ತೊಂದರೆ, ಡಯಟ್ ಇನ್ನಷ್ಟು ಬಿಗಿ ಮಾಡಿದರೆ ಉಲ್ಬಣಿಸುತ್ತದೆ. ಊರಿನಲ್ಲಿ ಯಾರೊಂದಿಗೆ ಹೇಳಿಕೊಳ್ಳುವುದು ಎಂದು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕರೆಗೆ ಹಣ ಕೊಡಬೇಕಿಲ್ಲ.